ವಚನಗಳ ಜಾಲತಾಣಕ್ಕೆ ಕೋಷ್ಟಕರಚನೆಯೂ ಅಂಕವಿಧಿಯೂ

 

ಬರೆದುದನ್ನು ಕಾಪಾಡುವುದು ಎಷ್ಟು ಪ್ರಯಾಸದ ಕೆಲಸವೋ, ಕಾಪಾಡಿದುದನ್ನು ಬೇಕಾದಾಗ ಹುಡುಕಿ ತೆಗೆಯುವುದು ಅದಕ್ಕಿಂತಲೂ ಪ್ರಯಾಸದ ಕೆಲಸವೆಂಬುದು ಗ್ರಂಥಭಂಡಾರಗಳ ಸಹವಾಸವುಳ್ಳವರೆಲ್ಲರಿಗೂ ವೇದ್ಯವಾದ ವಿಷಯವು. ತಾಳೆಯೋಲೆಯ ಕಟ್ಟು ಹುಳು ಹಿಡಿಯದೆ ನೂರಾರು ವರ್ಷ ಬಾಳಿದರೂ, ಯಾವ ಕಟ್ಟಿನಲ್ಲಿ ಯಾವ ಗ್ರಂಥವಿದೆಯೆಂಬ ಪಟ್ಟಿಯು ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ. ಪಟ್ಟಿಯಿದ್ದು ಅದರ ಅಂಕಿಯು ತಪ್ಪಾಗಿದ್ದರೆ ಇನ್ನೂ ಅನರ್ಥವು. ಪಟ್ಟಿಯಿಲ್ಲದ ಕಡೆ ಹುಡುಕುವವನು ಬರಿಗೈಯಲ್ಲಿ ಹಿಂದಿರುಗುವನು. ಪಟ್ಟಿ ತಪ್ಪಿದ ಕಡೆ ಬೇರೊಂದನ್ನು ತಂದು ಅದೇ ಇದೆಂದು ನಂಬುವನು.

ಓಲೆಯಿಂದ ಕಡತಕ್ಕೂ, ಕಡತದಿಂದ ಅಚ್ಚಿನ ಪುಸ್ತಕಕ್ಕೂ ಬಂದ ವಚನವಾಙ್ಮಯವು ಈಗ ಗಣಕಯಂತ್ರದ ಜಾಲತಾಣಗಳಿಗೆ ಬಂದಿರುವುದು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮಭಾಗವನ್ನು ಹೊರತಂದರು. ಕರ್ನಾಟಕ ಸರ್ಕಾರದ ಸಮಗ್ರ ವಚನಸಂಪುಟಗಳು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಸಿದ್ಧವಾದುವು. ಇಂದು ಒಂದು ಮಠವಾಗಲಿ, ಊರಿನ ಒಂದು ಸಂಘವಾಗಲಿ, ತನ್ನ ಶಕ್ತಿಗೆ ತಕ್ಕಂತೆ ಕೆಲವು ನೂರು ವಚನಗಳ ಒಂದು ಸಣ್ಣ ಜಾಲತಾಣವನ್ನು ಕಟ್ಟಬಯಸುವುದು ಸಹಜವೇ ಆಗಿದೆ. ಅಂತಹ ಸಣ್ಣ ತಾಣಕ್ಕೆ ಬೇಕಾದ ದತ್ತಸಂಚಯವನ್ನು, ಎಂದರೆ ಜನರು ಡೇಟಾಬೇಸ್ ಎಂದು ಕರೆಯುವುದನ್ನು, ಎಷ್ಟು ಕೋಷ್ಟಕಗಳಾಗಿ ವಿಂಗಡಿಸತಕ್ಕದ್ದು, ಅದರ ದಾಖಲೆಗಳಿಗೆ ಅಂಕಗಳನ್ನು ಯಾವ ವಿಧಿಯಿಂದ ಕೊಡತಕ್ಕದ್ದು ಎಂಬುದೇ ಈ ಉಪನ್ಯಾಸದ ವಿಷಯವು. ಯಂತ್ರವನ್ನು ನಡೆಸುವವರು ತರುಣರಿರಬಹುದು. ಆದರೆ ಯಾವುದು ಒಂದು, ಯಾವುದು ಎರಡು ಎಂಬುದನ್ನು ನಿರ್ಣಯಿಸುವ ಭಾರವು ಗ್ರಂಥವನ್ನು ಬಲ್ಲವರ ಮೇಲೆಯೇ ಇರುವುದರಿಂದ, ಈ ವಿಷಯವು ವೃದ್ಧರಿಗೂ ಅಪ್ರಸ್ತುತವಲ್ಲ.

ಕೋಷ್ಟಕದ ಸ್ವರೂಪ

ಕೋಷ್ಟಕವೆಂದರೆ ಅಡ್ಡ ಸಾಲುಗಳೂ ಉದ್ದ ಅಂಕಣಗಳೂ ಉಳ್ಳ ಮನೆಗಳ ಪಟ್ಟಿಯು. ಒಂದೊಂದು ಸಾಲೂ ಒಂದೊಂದು ವಸ್ತುವಿನ ದಾಖಲೆ; ಒಂದೊಂದು ಅಂಕಣವೂ ಆ ವಸ್ತುವಿನ ಒಂದೊಂದು ಧರ್ಮ. ಇಷ್ಟು ಸರಳವಾದ ವಸ್ತುವಿನ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದವರು ಎಡ್ಗರ್ ಕಾಡ್ ಎಂಬ ಗಣಿತಜ್ಞರು. ಇಂಗ್ಲೆಂಡಿನಲ್ಲಿ 1923ರಲ್ಲಿ ಜನಿಸಿದ ಇವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಶಾಲೆಯಲ್ಲಿದ್ದಾಗ, 1970ರಲ್ಲಿ, ದತ್ತಗಳ ಸಂಬಂಧಾತ್ಮಕ ಮಾದರಿಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ದತ್ತಗಳನ್ನು ಮರದ ಕೊಂಬೆರೆಂಬೆಗಳಂತೆ ಒಂದರೊಳಗೊಂದಾಗಿ ಅಡಕಮಾಡಿಡುವ ಪದ್ಧತಿಯು ಪ್ರಚಲಿತವಾಗಿದ್ದಿತು. ಇಟ್ಟ ದಾರಿಯನ್ನು ಬಲ್ಲವನಿಗೆ ಮಾತ್ರ ಅವು ಸಿಕ್ಕುತ್ತಿದ್ದುವು. ದತ್ತಗಳನ್ನೆಲ್ಲ ಕೋಷ್ಟಕಗಳಲ್ಲಿ ಬಿಡಿಬಿಡಿಯಾಗಿ ಇಟ್ಟು, ಬೇಕಾದಾಗ ಬೇಕಾದ ರೀತಿಯಲ್ಲಿ ಕೂಡಿಸಿಕೊಳ್ಳಬಹುದೆಂದು ಕಾಡ್ ಅವರು ಸಾಧಿಸಿದರು. ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ಅದೇ ಪ್ರಯೋಗಶಾಲೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ನಿರೂಪಿಸಿದರು. ಅದೇ ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿರುವುದು.

ಪಾಠಶಾಲೆಯಲ್ಲಿ ಓದಿದವರಿಗೆ ಇದರ ಮೂಲಭಾವವು ಅಪರಿಚಿತವಲ್ಲ. ಕಾತ್ಯಾಯನರ ಸರ್ವಾನುಕ್ರಮಣಿಯು ಋಗ್ವೇದದ ಸೂಕ್ತಗಳನ್ನು ಒಂದೊಂದಾಗಿ ಎತ್ತಿಕೊಂಡು, ಅದರ ಪ್ರತೀಕ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಎಂಬಿವನ್ನು ಕ್ರಮವಾಗಿ ಹೇಳುವುದು. ಗೆರೆ ಹಾಕಿ ಮನೆ ಮಾಡದಿದ್ದರೂ ಅದು ಕೋಷ್ಟಕವೇ: ಸೂಕ್ತವು ಸಾಲು, ಋಷಿದೇವತಾಛಂದಸ್ಸುಗಳು ಅಂಕಣಗಳು. ಮಂತ್ರದ ಪಾಠವನ್ನೂ ಮಂತ್ರದ ವಿವರವನ್ನೂ ಬೇರೆಬೇರೆ ಇರಿಸಿ, ಪ್ರತೀಕವೆಂಬ ಗುರುತಿನಿಂದ ಅವೆರಡನ್ನೂ ಹೊಂದಿಸಿದ ಪ್ರಾಚೀನರ ಜಾಣ್ಮೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವುದು.

ಒಂದೇ ಕೋಷ್ಟಕದ ಮೂರು ದೋಷಗಳು

ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಒಂದೇ ದೊಡ್ಡ ಕೋಷ್ಟಕವನ್ನು ಮಾಡುವರು. ಮೊದಲನೆಯ ಅಂಕಣದಲ್ಲಿ ವಚನದ ಪಾಠ, ಎರಡನೆಯದರಲ್ಲಿ ವಚನಕಾರರ ಹೆಸರು, ಮೂರನೆಯದರಲ್ಲಿ ಅವರ ಅಂಕಿತ, ನಾಲ್ಕನೆಯದರಲ್ಲಿ ಕಾಲ, ಐದನೆಯದರಲ್ಲಿ ಕಾಯಕ, ಆರನೆಯದರಲ್ಲಿ ಸ್ಥಲ, ಏಳನೆಯದರಲ್ಲಿ ಆಕರಗ್ರಂಥ. ನೋಡಲು ಇದು ಅಚ್ಚುಕಟ್ಟಾಗಿಯೇ ಕಾಣುವುದು. ಆದರೆ ಇದರಲ್ಲಿ ಮೂರು ದೋಷಗಳು ಹುದುಗಿರುವುವು.

ಮೊದಲನೆಯದು ತಿದ್ದುವಿಕೆಯ ದೋಷ. ಬಸವಣ್ಣನವರ ನೂರಾರು ವಚನಗಳಿದ್ದರೆ ಅವರ ಹೆಸರು, ಕಾಲ, ಅಂಕಿತಗಳು ನೂರಾರು ಸಾಲುಗಳಲ್ಲಿ ಪುನರುಕ್ತವಾಗುವುವು. ಒಂದು ವಿವರವನ್ನು ತಿದ್ದಬೇಕಾದಾಗ ಅಷ್ಟೂ ಸಾಲುಗಳನ್ನು ತಿದ್ದಬೇಕು. ಹತ್ತು ಸಾಲು ಮರೆತುಹೋದರೆ ಒಬ್ಬರೇ ಮಹಾನುಭಾವರಿಗೆ ಎರಡು ಕಾಲಗಳು ಬಂದೊದಗುವುವು. ಒಂದು ಸಾಲಿನಲ್ಲಿ ಬಸವಣ್ಣ, ಇನ್ನೊಂದರಲ್ಲಿ ಬಸವೇಶ್ವರ, ಮತ್ತೊಂದರಲ್ಲಿ ಬಸವರಾಜ ಎಂದು ಬರೆದರೆ ಯಂತ್ರವು ಮೂವರು ವಚನಕಾರರನ್ನು ಎಣಿಸುವುದು. ಯಂತ್ರಕ್ಕೆ ಅಕ್ಷರವು ಗೊತ್ತು, ಅರ್ಥವು ಗೊತ್ತಿಲ್ಲ.

ಎರಡನೆಯದು ಸೇರಿಸುವಿಕೆಯ ದೋಷ. ವಚನವೊಂದೂ ದೊರೆಯದ ಶರಣರೊಬ್ಬರ ಚರಿತ್ರೆಯನ್ನು ದಾಖಲಿಸಬೇಕೆಂದರೆ ಈ ಕೋಷ್ಟಕದಲ್ಲಿ ಅವರಿಗೆ ಸ್ಥಳವಿಲ್ಲ; ಏಕೆಂದರೆ ಇಲ್ಲಿ ಸಾಲೆಂದರೆ ವಚನವೇ ಹೊರತು ವ್ಯಕ್ತಿಯಲ್ಲ.

ಮೂರನೆಯದು ತೆಗೆಯುವಿಕೆಯ ದೋಷ. ಇದೇ ಎಲ್ಲಕ್ಕಿಂತ ಘೋರವಾದುದು. ಒಬ್ಬ ಶರಣೆಯ ಹೆಸರಿನಲ್ಲಿ ತಾಣದೊಳಗೆ ಒಂದೇ ಒಂದು ವಚನವಿರುವುದೆಂದು ಭಾವಿಸಬಹುದು. ಆ ವಚನವು ಪ್ರಕ್ಷಿಪ್ತವೆಂದು ವಿದ್ವಾಂಸರು ನಿರ್ಣಯಿಸಿ ಅದನ್ನು ತೆಗೆದುಹಾಕಿದ ಕೂಡಲೇ, ಅದರ ಸಾಲಿನೊಡನೆ ಆ ತಾಯಿಯ ಹೆಸರು, ಕಾಯಕ, ಊರು ಎಲ್ಲವೂ ಅಳಿದುಹೋಗುವುವು. ವಚನವನ್ನು ತೆಗೆದವನ ಮನಸ್ಸಿನಲ್ಲಿ ವ್ಯಕ್ತಿಯನ್ನು ಅಳಿಸುವ ಉದ್ದೇಶವು ಎಳ್ಳಷ್ಟೂ ಇರಲಿಲ್ಲ. ಆದರೂ ಕೋಷ್ಟಕವನ್ನು ಕಟ್ಟಿದ ರೀತಿಯಿಂದ ಆ ಕೆಲಸವು ತಾನಾಗಿ ನಡೆದುಹೋಯಿತು. ರಚನೆಯ ತಪ್ಪು ಹೀಗೆ ಯಾರ ಕಣ್ಣಿಗೂ ಬೀಳದೆ ಇತಿಹಾಸದ ಒಂದೊಂದು ಎಳೆಯನ್ನು ಕಡಿಯಬಲ್ಲುದು.

ವಿಭಾಗಕ್ರಮ

ಈ ಮೂರೂ ದೋಷಗಳಿಗೆ ಕಾರಣವು ಒಂದೇ: ಎರಡು ಬೇರೆ ಪದಾರ್ಥಗಳ ವಿವರಗಳನ್ನು ಒಂದೇ ಸಾಲಿನಲ್ಲಿ ಬೆರೆಸಿರುವುದು. ಪರಿಹಾರವೂ ಒಂದೇ: ಪದಾರ್ಥಕ್ಕೊಂದು ಕೋಷ್ಟಕ. ಇದನ್ನೇ ಕಾಡ್ ಅವರು 1970 ಮತ್ತು 1971ರ ಲೇಖನಗಳಲ್ಲಿ ಮೊದಲನೆಯ, ಎರಡನೆಯ, ಮೂರನೆಯ ನಾರ್ಮಲ್ ಫಾರಮ್‌ಗಳೆಂಬ ಸೋಪಾನಗಳಾಗಿ ವಿವರಿಸಿದರು. ಸಾರವನ್ನು ಹೇಳುವುದಾದರೆ, ಒಂದು ಮನೆಯಲ್ಲಿ ಒಂದೇ ಬೆಲೆಯಿರತಕ್ಕದ್ದು. ಸಾಲಿನಲ್ಲಿರುವ ಪ್ರತಿಯೊಂದು ವಿವರವೂ ಆ ಸಾಲಿನ ಗುರುತನ್ನೇ, ಇಡಿಯ ಗುರುತನ್ನೇ, ಅದೊಂದನ್ನೇ ಆಶ್ರಯಿಸಿರತಕ್ಕದ್ದು. ವಚನಕಾರರ ಕಾಲವು ವಚನವನ್ನು ಆಶ್ರಯಿಸಿದುದಲ್ಲ, ವಚನಕಾರರನ್ನು ಆಶ್ರಯಿಸಿದುದು. ಆದುದರಿಂದ ಅದು ವಚನದ ಕೋಷ್ಟಕದಲ್ಲಿರಕೂಡದು.

ಈ ನ್ಯಾಯದಿಂದ ನೋಡಿದರೆ ಸಣ್ಣ ತಾಣಕ್ಕೆ ನಾಲ್ಕು ಮುಖ್ಯ ಕೋಷ್ಟಕಗಳು ಬೇಕಾಗುವುವು. ವಚನಕಾರರ ಕೋಷ್ಟಕ; ಇದರಲ್ಲಿ ಅಂಕ, ಪ್ರಸಿದ್ಧನಾಮ, ಕಾಲ, ಕಾಯಕ. ವಚನಗಳ ಕೋಷ್ಟಕ, ಇದರಲ್ಲಿ ಅಂಕ, ಪಾಠ, ವಚನಕಾರರ ಅಂಕ. ಆಕರಗ್ರಂಥಗಳ ಕೋಷ್ಟಕ, ಇದರಲ್ಲಿ ಅಂಕ, ಗ್ರಂಥನಾಮ, ಸಂಪಾದಕರು, ಪ್ರಕಟನೆಯ ವರ್ಷ. ಸ್ಥಲಗಳ ಕೋಷ್ಟಕ, ಇದರಲ್ಲಿ ಅಂಕ, ಸ್ಥಲದ ಹೆಸರು, ಅದು ಒಳಪಟ್ಟಿರುವ ಮೇಲಣ ಸ್ಥಲದ ಅಂಕ. ಷಟ್‌ಸ್ಥಲಗಳೂ ಏಕೋತ್ತರಶತಸ್ಥಲಗಳೂ ಈ ಕಡೆಯ ಉಪಾಯದಿಂದ ಒಂದೇ ಕೋಷ್ಟಕದಲ್ಲಿ ಅಡಗುವುವು.

ವಚನಕಾರರೊಬ್ಬರಿಗೆ ವಚನಗಳು ಹಲವು. ವಚನವೊಂದಕ್ಕೆ ವಚನಕಾರರು ಒಬ್ಬರೇ. ಆದುದರಿಂದ ವಚನದ ಸಾಲಿನಲ್ಲಿ ವಚನಕಾರರ ಅಂಕವನ್ನು ಬರೆದರೆ ಸಾಕು. ಆದರೆ ವಚನಕ್ಕೂ ಆಕರಗ್ರಂಥಕ್ಕೂ ಇರುವ ಸಂಬಂಧವು ಹೀಗಲ್ಲ. ಒಂದೇ ವಚನವು ಹಳಕಟ್ಟಿಯವರ ಸಂಕಲನದಲ್ಲಿಯೂ, ಸಮಗ್ರ ಸಂಪುಟದಲ್ಲಿಯೂ, ಶೂನ್ಯಸಂಪಾದನೆಯಲ್ಲಿಯೂ ಬಂದಿರಬಹುದು; ಒಂದೊಂದು ಗ್ರಂಥದಲ್ಲಿಯೂ ವಚನಗಳು ಹಲವು. ಎರಡು ಕಡೆಯೂ ಹಲವಾಗಿರುವಲ್ಲಿ, ನಡುವೆ ಸಂಬಂಧಕೋಷ್ಟಕವೆಂಬ ಐದನೆಯದೊಂದನ್ನು ಇಡಬೇಕು. ಅದರ ಒಂದೊಂದು ಸಾಲೂ ಇಂತಹ ವಚನವು ಇಂತಹ ಗ್ರಂಥದ ಇಂತಹ ಸಂಪುಟದಲ್ಲಿ ಇಂತಹ ಸಂಖ್ಯೆಯಲ್ಲಿ ಇದೆಯೆಂದು ಮಾತ್ರ ಹೇಳುವುದು. ವಚನಕ್ಕೂ ಸ್ಥಲಕ್ಕೂ ಇಂತಹದೇ ಇನ್ನೊಂದು ಬೇಕು. ಏಕೆಂದರೆ ಒಬ್ಬ ಸಂಪಾದಕರು ಭಕ್ತಸ್ಥಲದಲ್ಲಿಟ್ಟ ವಚನವನ್ನು ಮತ್ತೊಬ್ಬರು ಬೇರೆ ಸ್ಥಲದಲ್ಲಿಟ್ಟಿರುವುದುಂಟು. ಯಾರ ವಿಂಗಡಣೆಯೆಂಬುದನ್ನೂ ಆ ಸಾಲಿನಲ್ಲಿಯೇ ಬರೆದರೆ, ಇಬ್ಬರ ಅಭಿಪ್ರಾಯಗಳೂ ಜಗಳವಿಲ್ಲದೆ ಒಂದೆಡೆ ನಿಲ್ಲುವುವು.

ಗುರುತಿನ ವಿಚಾರ

ಇನ್ನು ಪ್ರಧಾನವಾದ ಪ್ರಶ್ನೆಯು: ಒಂದು ಸಾಲನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಯಾವುದು? ಇದನ್ನು ಗಣಕಶಾಸ್ತ್ರದಲ್ಲಿ ಪ್ರೈಮರಿ ಕೀ ಎನ್ನುವರು; ಪ್ರಧಾನಾಂಕವೆಂದು ಕರೆಯಬಹುದು. ಲಕ್ಷಣಕ್ಕೆ ಅತಿವ್ಯಾಪ್ತಿಯೂ ಅವ್ಯಾಪ್ತಿಯೂ ಇರಕೂಡದೆಂದು ತರ್ಕಶಾಸ್ತ್ರವು ಹೇಳುವುದಷ್ಟೆ. ಗುರುತಿಗೂ ಇದೇ ಪರೀಕ್ಷೆಯು ಸಲ್ಲುವುದು.

ಹೆಸರೇ ಗುರುತಾಗಲೆಂದರೆ ಅತಿವ್ಯಾಪ್ತಿಯು ಬರುವುದು. ಕಾಳವ್ವೆಯೆಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಒಬ್ಬರು. ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ ಮತ್ತೊಬ್ಬರು. ಹೆಸರನ್ನು ಗುರುತಾಗಿ ಮಾಡಿದ ತಾಣದಲ್ಲಿ ಎರಡನೆಯ ಕಾಳವ್ವೆಯನ್ನು ಸೇರಿಸಹೋದರೆ ಯಂತ್ರವು ಒಪ್ಪುವುದಿಲ್ಲ. ಒಪ್ಪದ ಯಂತ್ರವನ್ನು ಒಪ್ಪಿಸಲು ಅವಸರಪಡುವವನು ಆಕೆಯ ವಚನವನ್ನು ಮೊದಲನೆಯ ಕಾಳವ್ವೆಯ ಹೆಸರಿಗೇ ಬರೆದುಬಿಡುವನು. ಅಲ್ಲಿಗೆ ಇಬ್ಬರು ತಾಯಂದಿರಲ್ಲಿ ಒಬ್ಬರು ಇಲ್ಲವಾದರು. ಎಂಟು ಶತಮಾನಗಳ ಕಾಲ ಓಲೆಗಳು ಕಾಪಾಡಿಕೊಂಡು ಬಂದ ಭೇದವನ್ನು ಒಂದು ಸಂಜೆಯ ಅವಸರವು ಕಳೆಯಿತೆಂದಾಗುವುದು. ಇನ್ನು ಅವ್ಯಾಪ್ತಿಯೂ ಉಂಟು. ವಚನವು ದೊರೆತು, ಅಂಕಿತವೂ ಇದ್ದು, ಬರೆದವರ ಹೆಸರೇ ತಿಳಿಯದಿರುವ ಅಜ್ಞಾತ ವಚನಕಾರರಿಗೆ ಹೆಸರೆಂಬ ಗುರುತು ಅನ್ವಯಿಸುವುದೇ ಇಲ್ಲ.

ಹಾಗಾದರೆ ಅಂಕಿತವೇ ಗುರುತಾಗಲೆಂದು ಕೆಲವರು ಹೇಳಬಹುದು. ಅಂಕಿತವು ವಚನಕಾರರ ಮುದ್ರೆಯೇ ಆದುದರಿಂದ ಈ ಮಾತು ಮೊದಲು ಯುಕ್ತವೆಂದೇ ತೋರುವುದು. ಆದರೆ ಬಸವಣ್ಣನವರ ಅಂಕಿತವು ಕೂಡಲಸಂಗಮದೇವ, ಕೂಡಲಸಂಗಯ್ಯ ಎಂದು ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ಬರುವುದು. ಚೆನ್ನಬಸವಣ್ಣನವರ ಅಂಕಿತವು ಕೂಡಲಚೆನ್ನಸಂಗಮದೇವ, ಕೂಡಲಚೆನ್ನಸಂಗಯ್ಯ ಎಂದಿರುವುದು. ಇವೆರಡಕ್ಕೂ ನಡುವೆ ಇರುವುದು ‘ಚೆನ್ನ’ ಎಂಬ ಎರಡಕ್ಷರ ಮಾತ್ರ. ಲಿಪಿಕಾರನ ಕೈ ಆ ಎರಡಕ್ಷರಗಳನ್ನು ಬಿಟ್ಟರೆ ಸೋದರಳಿಯನ ವಚನವು ಸೋದರಮಾವನದಾಗುವುದು. ಆದುದರಿಂದ ಅಂಕಿತವು ಕರ್ತೃನಿರ್ಣಯಕ್ಕೆ ಪ್ರಬಲವಾದ ಸಾಧನವಾದರೂ ಕೋಷ್ಟಕದ ಗುರುತಾಗಲು ಯೋಗ್ಯವಲ್ಲ. ಅದನ್ನು ಅಂಕಿತಗಳ ಪ್ರತ್ಯೇಕ ಕೋಷ್ಟಕದಲ್ಲಿ, ವಚನಕಾರರ ಅಂಕದೊಡನೆ, ಎಷ್ಟು ರೂಪಗಳಿವೆಯೋ ಅಷ್ಟು ಸಾಲುಗಳಾಗಿ ಇಡತಕ್ಕದ್ದು. ಪರ್ಯಾಯನಾಮಗಳಿಗೂ ಇದೇ ವಿಧಿಯು. ಅಲ್ಲಮಪ್ರಭುವೆಂದು ಹುಡುಕಿದರೂ ಪ್ರಭುದೇವರೆಂದು ಹುಡುಕಿದರೂ ಓದುವವನು ಒಂದೇ ಪುಟಕ್ಕೆ ಬರಬೇಕು.

ಉಳಿದುದು ಒಂದೇ ಮಾರ್ಗ. ಯಾವ ಅರ್ಥವನ್ನೂ ಹೊರದ ಬರಿಯ ಅಂಕಿಯನ್ನು ಗುರುತಾಗಿ ಕೊಡುವುದು.

ಅಂಕವಿಧಿ

ಅಂಕಿಗೆ ಅರ್ಥವನ್ನು ತುಂಬಬೇಕೆಂಬ ಆಸೆಯು ವಿದ್ವಾಂಸರಿಗೆ ಸಹಜವಾದುದು. ಕಟಪಯಾದಿ ಕ್ರಮದಲ್ಲಿ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿಯೇ ಅವುಗಳ ಸಂಖ್ಯೆಯು ಅಡಗಿರುವುದನ್ನು ಸಂಗೀತಜ್ಞರು ಬಲ್ಲರು. ಮಾಯಾಮಾಳವಗೌಳದ ಮೊದಲೆರಡಕ್ಷರಗಳು 5 ಮತ್ತು 1, ತಿರುಗಿಸಿದರೆ 15. ಆದರೆ ಶಂಕರಾಭರಣವು 29ನೆಯ ಮೇಳವಾದುದರಿಂದ, ಲೆಕ್ಕ ಹೊಂದಿಸುವುದಕ್ಕಾಗಿ ಅದಕ್ಕೆ ‘ಧೀರ’ ಎಂಬ ಪೂರ್ವಪದವನ್ನು ಸೇರಿಸಬೇಕಾಯಿತು. 72 ಎಂಬುದು ಎಂದೆಂದಿಗೂ 72 ಆಗಿಯೇ ಇರುವುದರಿಂದ ಅಲ್ಲಿ ಈ ಚಮತ್ಕಾರವು ಸಲ್ಲುವುದು. ಬೆಳೆಯುವ ಸಂಗ್ರಹದಲ್ಲಿ ಅದು ಸಲ್ಲದು.

ಬಸವಣ್ಣನವರ ಭಕ್ತಸ್ಥಲದ 12ನೆಯ ವಚನಕ್ಕೆ ‘ಬಸವ-ಭಕ್ತ-12’ ಎಂದು ಗುರುತು ಕೊಟ್ಟರೆಂದಿಟ್ಟುಕೊಳ್ಳಬಹುದು. ಮುಂದೆ ಆ ವಚನವು ಚೆನ್ನಬಸವಣ್ಣನವರದೆಂದು ನಿರ್ಣಯವಾದರೆ ಗುರುತು ಸುಳ್ಳನ್ನು ಹೇಳುವುದು. ಅದನ್ನು ಬದಲಾಯಿಸಿದರೆ, ಆ ಗುರುತನ್ನು ನಂಬಿ ಪುಸ್ತಕಗಳಲ್ಲಿ ಉಲ್ಲೇಖಿಸಿದವರೆಲ್ಲರ ಉಲ್ಲೇಖವೂ ಸುಳ್ಳಾಗುವುದು. ಅರ್ಥವುಳ್ಳ ಅಂಕಿಗೆ ಇವೆರಡಲ್ಲದೆ ಮೂರನೆಯ ಗತಿಯಿಲ್ಲ.

ಸಂಖ್ಯೆಯನ್ನು ಬದಲಾಯಿಸುವುದರ ಫಲವನ್ನು ಕನ್ನಡನಾಡಿನ ಶಾಸನಶಾಸ್ತ್ರವೇ ತೋರಿಸುವುದು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವಾಗಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಶಾಸನಗಳು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573 ಆದುವು. ಹೊಸ ಶಾಸನಗಳನ್ನು ಸ್ಥಳಾನುಸಾರವಾಗಿ ನಡುನಡುವೆ ಸೇರಿಸಿದುದರಿಂದ ಹಳೆಯ ಸಂಖ್ಯೆಗಳು ನಿಲ್ಲಲಿಲ್ಲ. ರೈಸ್ ಅವರ ಆವೃತ್ತಿಯಲ್ಲಿ 54ನೆಯದಾಗಿದ್ದ ಮಲ್ಲಿಷೇಣ ಪ್ರಶಸ್ತಿಯು 1923ರಲ್ಲಿ 67ನೆಯದಾಯಿತು. ಸಂಪಾದಕರು ವಿವೇಕಿಗಳಾದುದರಿಂದ ಹಳೆಯ ಸಂಖ್ಯೆಯನ್ನು ಹೊಸದರ ಜೊತೆಗೆ ಕಂಸದಲ್ಲಿ ಕಾಣಿಸಿದರು. ಆದಕಾರಣವೇ ಇಂದಿಗೂ ವಿದ್ವಾಂಸರು ಎರಡು ಸಂಖ್ಯೆಗಳನ್ನೂ ಒಟ್ಟಿಗೆ ಉಲ್ಲೇಖಿಸುವರು. ಇಷ್ಟು ಎಚ್ಚರಿಕೆಯಿಲ್ಲದ ಕಡೆ ಓದುಗನ ಪಾಡು ಏನಾಗುವುದೆಂಬುದನ್ನು ಊಹಿಸಬಹುದು.

ಪುಸ್ತಕಾಲಯಗಳ ಪದ್ಧತಿಯು ಇಲ್ಲಿ ಉತ್ತಮ ನಿದರ್ಶನವಾಗಿದೆ. ಪುಸ್ತಕವು ಬಂದೊಡನೆ ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಕ್ರಮಾಂಕವು ದೊರೆಯುವುದು. ಇದಕ್ಕೆ ಬಂದ ಕ್ರಮವೊಂದನ್ನುಳಿದು ಬೇರೆ ಅರ್ಥವಿಲ್ಲ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಂತಹ ಪದ್ಧತಿಗಳಿಂದ ದೊರೆಯುವ ವರ್ಗಸಂಖ್ಯೆಯು ಬೇರೆ. ಅದು ಪುಸ್ತಕದ ವಿಷಯವನ್ನು ಹೇಳುವುದು. ವಿಷಯದ ತಿಳಿವಳಿಕೆ ಬದಲಾದರೆ ವರ್ಗಸಂಖ್ಯೆಯು ಬದಲಾಗಬಹುದು. ದಾಖಲೆಯ ಕ್ರಮಾಂಕವು ಬದಲಾಗದು. ಒಂದು ಸ್ಥಾನವನ್ನು ಹೇಳುವುದು, ಇನ್ನೊಂದು ವಸ್ತುವನ್ನೇ ಹಿಡಿಯುವುದು. ಅಂಚೆಯ ಪಿನ್ ಸಂಖ್ಯೆಯೂ ಹೀಗೆಯೇ. ಸಂಸ್ಕೃತ ವಿದ್ವಾಂಸರೂ ಅಂಚೆ ಇಲಾಖೆಯ ಅಧಿಕಾರಿಗಳೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿ, 1972ರ ಆಗಸ್ಟ್ 15ರಂದು ಆಚರಣೆಗೆ ಬಂದ ಆ 6 ಅಂಕಿಗಳಲ್ಲಿ ಪ್ರಾಂತವೂ ಜಿಲ್ಲೆಯೂ ಅಡಗಿರುವುವು. ಅದು ಊರಿಗೆ ಗುರುತು, ಮನುಷ್ಯನಿಗಲ್ಲ. ಮನುಷ್ಯನು ಊರು ಬಿಟ್ಟರೆ ಪಿನ್ ಬದಲಾಗುವುದು, ಮನುಷ್ಯನು ಬದಲಾಗುವುದಿಲ್ಲ.

ಇವುಗಳಿಂದ ದೊರೆಯುವ ವಿಧಿನಿಷೇಧಗಳನ್ನು ಹೀಗೆ ಸಂಗ್ರಹಿಸಬಹುದು.

ಒಂದನೆಯದು: ಅಂಕವು 1ರಿಂದ ಮೊದಲಾಗಿ ಬಂದ ಕ್ರಮದಲ್ಲಿ ಯಂತ್ರದಿಂದಲೇ ಕೊಡಲ್ಪಡಬೇಕು. ಇಬ್ಬರು ಏಕಕಾಲದಲ್ಲಿ ಬರೆಯಲು ಕುಳಿತರೆ ಕೈಯಿಂದ ಕೊಟ್ಟ ಅಂಕಿಗಳು ಡಿಕ್ಕಿ ಹೊಡೆಯುವುವು.

ಎರಡನೆಯದು: ಒಮ್ಮೆ ಕೊಟ್ಟ ಅಂಕವನ್ನು ಬದಲಾಯಿಸಕೂಡದು, ತೆರವಾದ ಅಂಕವನ್ನು ಮತ್ತೊಂದಕ್ಕೆ ಕೊಡಕೂಡದು. ಸಣ್ಣ ತಾಣಗಳಲ್ಲಿ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶವನ್ನು ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದರು. ಅದರಲ್ಲಿ ಸಾಮಾನ್ಯ ಏರ್ಪಾಡಿನಂತೆ ಇರುವ ಅತಿದೊಡ್ಡ ಅಂಕಕ್ಕೆ ಒಂದನ್ನು ಕೂಡಿಸಿ ಮುಂದಿನದನ್ನು ಕೊಡುವರು. ಆದುದರಿಂದ ಕಟ್ಟಕಡೆಯ ಸಾಲನ್ನು ಅಳಿಸಿದರೆ ಅದೇ ಅಂಕವು ಮುಂದೆ ಬಂದ ವಚನಕ್ಕೆ ಹೋಗುವುದು. ಇದನ್ನು ತಡೆಯಲು ಆಟೋಇನ್‌ಕ್ರಿಮೆಂಟ್ ಎಂಬ ಪದವನ್ನು ಕೋಷ್ಟಕವನ್ನು ಮಾಡುವಾಗಲೇ ಬರೆಯಬೇಕು. ಅಂತೆಯೇ, ಇಲ್ಲದ ವಚನಕಾರರ ಅಂಕವನ್ನು ವಚನದ ಸಾಲಿನಲ್ಲಿ ಬರೆಯಗೊಡದ ಕಾವಲು ಆ ತಂತ್ರಾಂಶದಲ್ಲಿ ತಾನಾಗಿ ನಡೆಯುವುದಿಲ್ಲ. ಪ್ರತಿಸಲ ಸಂಪರ್ಕಿಸಿದಾಗಲೂ ಫಾರಿನ್ ಕೀ ನಿಯಮವನ್ನು ಜಾರಿಗೊಳಿಸಬೇಕು.

ಮೂರನೆಯದು: ನಡುವೆ ಅಂಕಗಳು ಬಿಟ್ಟುಹೋದರೆ ಚಿಂತಿಸಕೂಡದು. 41ರ ಮುಂದೆ 43 ಬಂದರೆ ಒಂದು ವಚನವು ಕಳೆದುಹೋಯಿತೆಂದಲ್ಲ. ಬರೆಯಲು ತೊಡಗಿ ಕೈಬಿಟ್ಟುದಿರಬಹುದು. ಅಂಕವು ಗುರುತೇ ಹೊರತು ಎಣಿಕೆಯಲ್ಲ, ಓದುವ ಕ್ರಮವೂ ಅಲ್ಲ. ಎಣಿಕೆ ಬೇಕಾದರೆ ಯಂತ್ರವು ಎಣಿಸಿ ಹೇಳುವುದು. ಕ್ರಮ ಬೇಕಾದರೆ ಅದಕ್ಕೊಂದು ಬೇರೆ ಅಂಕಣವಿರಲಿ.

ನಾಲ್ಕನೆಯದು: ಅಂಕವನ್ನು ಅಕ್ಷರವಾಗಿ ಇಡದೆ ಸಂಖ್ಯೆಯಾಗಿಯೇ ಇಡಬೇಕು. ಅಕ್ಷರವಾಗಿ ಇಟ್ಟರೆ 1ರ ಮುಂದೆ 10, 100 ಬಂದು ಆಮೇಲೆ 2 ಬರುವುದು. ತೋರಿಸುವಾಗ ಕನ್ನಡದ ಅಂಕಿಗಳಲ್ಲಿ ತೋರಿಸಿದರೂ ಒಳಗಿರುವುದು ಒಂದೇ ಆಗಿರಬೇಕು.

ಐದನೆಯದು: ಅಂಕದ ಮನೆಯು ವಿಶಾಲವಾಗಿರಬೇಕು. 3 ಬೈಟುಗಳ ಮನೆಯಲ್ಲಿ 1,67,77,216 ಭಿನ್ನ ಬೆಲೆಗಳು ಮಾತ್ರ ಹಿಡಿಸುವುವು. ಅಮೆರಿಕದ ಸ್ಲ್ಯಾಷ್‌ಡಾಟ್ ಎಂಬ ತಾಣದಲ್ಲಿ 2006ರ ನವೆಂಬರಿನಲ್ಲಿ ದಾಖಲೆಗಳು ಆ ಎಲ್ಲೆಯನ್ನು ಮುಟ್ಟಿದುದರಿಂದ, ಒಂದು ಅಂಕಣದ ಮನೆಯು ಸಾಲದೆ ಹಲವು ಗಂಟೆಗಳ ಕಾಲ ಉತ್ತರ ಬರೆಯುವವರ ಕೆಲಸವು ನಿಂತುಹೋಯಿತು. 4 ಬೈಟುಗಳ ಮನೆಯಾದರೆ 2,14,74,83,647ರ ವರೆಗೆ ಭಯವಿಲ್ಲ. ಸಣ್ಣ ತಾಣಕ್ಕೆ ಇಷ್ಟು ಧಾರಾಳವಾಗಿ ಸಾಕು.

ಆರನೆಯದು: ಅಚ್ಚಾದ ಗ್ರಂಥಗಳ ಸಂಖ್ಯೆಗಳನ್ನು ತಿರಸ್ಕರಿಸಕೂಡದು. ಸಮಗ್ರ ಸಂಪುಟದ ವಚನವನ್ನು ಗುರುತಿಸಲು ಸಂಪುಟದ ಸಂಖ್ಯೆ, ವಚನದ ಸಂಖ್ಯೆ ಎರಡೂ ಬೇಕು. ಅವೆರಡೂ ಸಂಬಂಧಕೋಷ್ಟಕದಲ್ಲಿ ತಮ್ಮ ತಮ್ಮ ಮನೆಗಳಲ್ಲಿರಲಿ. ಋಗ್ವೇದದ ಒಂದೇ ಋಕ್ಕನ್ನು ಮಂಡಲ-ಸೂಕ್ತಗಳಿಂದಲೂ ಅಷ್ಟಕ-ಅಧ್ಯಾಯ-ವರ್ಗಗಳಿಂದಲೂ ಹೇಳಬಹುದು. ವಿಳಾಸವೆರಡಾದರೂ ಋಕ್ಕು ಒಂದೇ. ವಚನಕ್ಕೆ ವಿಳಾಸಗಳು ಹತ್ತಿದ್ದರೂ ಪ್ರಧಾನಾಂಕವು ಒಂದೇ ಇರಲಿ.

ಬರಿದಾದ ಮನೆ

ಕೋಷ್ಟಕದ ಮನೆಯೊಂದು ಬರಿದಾಗಿದ್ದರೆ ಅದರ ಅರ್ಥವೇನು? ತರ್ಕದಲ್ಲಿ ಅಭಾವವು ಒಂದೇ ಬಗೆಯದಲ್ಲ, ಇಲ್ಲಿಯೂ ಅಲ್ಲ. ವಚನಕಾರರ ಕಾಲವು ತಿಳಿಯದು ಎಂಬುದು ಒಂದು. ಇನ್ನೂ ಯಾರೂ ಹುಡುಕಿ ಬರೆದಿಲ್ಲ ಎಂಬುದು ಮತ್ತೊಂದು. ಆ ವಿವರವೇ ಇಲ್ಲಿ ಅನ್ವಯಿಸದು ಎಂಬುದು ಇನ್ನೊಂದು. ಗಣಕಶಾಸ್ತ್ರದ ನಲ್ ಎಂಬ ಗುರುತು ಈ ಮೂರನ್ನೂ ಒಂದೇ ಎಂಬಂತೆ ತೋರಿಸುವುದು. ನಲ್ ಎಂಬುದು ಸೊನ್ನೆಯೂ ಅಲ್ಲ, ಬರಿಯ ಜಾಗವೂ ಅಲ್ಲ. ಅದನ್ನು ಇನ್ನೊಂದು ನಲ್ಲಿನೊಡನೆ ಹೋಲಿಸಿದರೆ ಸಮವೆಂಬ ಉತ್ತರವೂ ಬಾರದು, ಅಸಮವೆಂಬ ಉತ್ತರವೂ ಬಾರದು. ಕರ್ತೃವು ತಿಳಿಯದ ವಚನಗಳ ಅಂಕಣವನ್ನು ನಲ್ ಆಗಿ ಬಿಟ್ಟರೆ ಅವು ಅನೇಕ ಪ್ರಶ್ನೆಗಳಿಗೆ ಸಿಕ್ಕದೆ ಮರೆಯಾಗುವುವು. ಆದಕಾರಣ ಒಂದೊಂದು ಅಜ್ಞಾತ ಅಂಕಿತಕ್ಕೂ ವಚನಕಾರರ ಕೋಷ್ಟಕದಲ್ಲಿ ಒಂದೊಂದು ಸಾಲನ್ನು ಕೊಟ್ಟು, ಹೆಸರು ತಿಳಿದಿಲ್ಲವೆಂದು ಬರೆಯುವುದೇ ಯೋಗ್ಯ. ಹೆಸರು ಕಳೆದುಹೋದವರಿಗೂ ಸಭೆಯಲ್ಲಿ ಒಂದು ಗದ್ದುಗೆಯು ದೊರೆಯುವುದು.

ಲಿಪಿಯ ಎಚ್ಚರ

ಕನ್ನಡ ಲಿಪಿಗೆ 1991ರ ಯೂನಿಕೋಡ್ ವ್ಯವಸ್ಥೆಯಲ್ಲಿ 128 ಸ್ಥಾನಗಳ ಒಂದು ವಿಭಾಗವು ಮೀಸಲಾಯಿತು. ಆದರೆ ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರವನ್ನು ಒಳಗೆ ಎರಡು ಬಗೆಯಾಗಿ ಬರೆಯಲು ಅಲ್ಲಿ ಅವಕಾಶವಿರುವುದು. ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು. ಎತ್ವ, ಊತ್ವಗಳೆಂಬ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಒಂದು ರೀತಿಯಲ್ಲಿ ಬರೆದುದನ್ನು ಇನ್ನೊಂದು ರೀತಿಯಲ್ಲಿ ಹುಡುಕಿದರೆ, ಕಣ್ಣೆದುರಿಗಿದ್ದರೂ ಇಲ್ಲವೆಂಬ ಉತ್ತರವು ಬರುವುದು. ಆದುದರಿಂದ ಪಾಠವನ್ನು ಕೋಷ್ಟಕಕ್ಕೆ ಸೇರಿಸುವ ಮುನ್ನ ಯೂನಿಕೋಡಿನವರೇ ವಿಧಿಸಿರುವ ಏಕರೂಪೀಕರಣವನ್ನು ನಡೆಸತಕ್ಕದ್ದು. ಹುಡುಕುವ ಪದಕ್ಕೂ ಅದೇ ಸಂಸ್ಕಾರವನ್ನು ಮಾಡತಕ್ಕದ್ದು. ಗುಹೇಶ್ವರ, ಗೊಹೇಶ್ವರ ಎಂಬ ಪಾಠಭೇದವು ಇದಕ್ಕಿಂತ ಬೇರೆ. ಅದು ಗ್ರಂಥದ ಭೇದ, ಯಂತ್ರದ್ದಲ್ಲ. ಅದನ್ನು ಅಳಿಸದೆ ಕಾಪಾಡತಕ್ಕದ್ದು.

ಪೂರ್ವಪಕ್ಷವೂ ಸಮಾಧಾನವೂ

ಇನ್ನೂರು ವಚನಗಳ ಸಣ್ಣ ತಾಣಕ್ಕೆ ಇಷ್ಟೊಂದು ಆಯಾಸವೇಕೆಂದು ಕೇಳುವವರಿರಬಹುದು. ಇದಕ್ಕೆ ಉತ್ತರವೇನೆಂದರೆ, ಇನ್ನೂರಿದ್ದಾಗ ಅರ್ಧ ದಿನದಲ್ಲಿ ಆಗುವ ವಿಭಾಗವು ಇಪ್ಪತ್ತು ಸಾವಿರವಾದಾಗ ವರ್ಷಗಳ ಕೆಲಸವಾಗುವುದು. ಅದಲ್ಲದೆ, ಗಾತ್ರವು ಸಣ್ಣದಾದ ಮಾತ್ರಕ್ಕೆ ಅಳಿಸಿಹೋದ ತಾಯಿಯ ಹೆಸರು ಸಣ್ಣದಾಗುವುದಿಲ್ಲ.

ಹಾಗಾದರೆ ಒಂದೊಂದು ವಿವರಕ್ಕೂ ಒಂದೊಂದು ಕೋಷ್ಟಕವನ್ನು ಮಾಡುತ್ತ ಹೋಗಬೇಕೆ ಎಂದರೆ, ಅದೂ ಸಲ್ಲದು. ತನ್ನದೇ ಆದ ಧರ್ಮಗಳಿಲ್ಲದ, ಹಲವಾಗದ ವಿವರವು ಇದ್ದಲ್ಲಿಯೇ ಇರಲಿ. ವಿಭಾಗವು ಸತ್ಯವನ್ನು ಕಾಪಾಡುವುದಕ್ಕೆ, ಪಾಂಡಿತ್ಯದ ಪ್ರದರ್ಶನಕ್ಕಲ್ಲ.

ಎರಡು ದಾಖಲೆಗಳು ಒಬ್ಬರದೇ ಎಂದು ಮುಂದೆ ತಿಳಿದರೆ ಏನು ಮಾಡತಕ್ಕದ್ದು? ಒಂದನ್ನು ಅಳಿಸದೆ, ಇದರ ವಿವರವು ಇಂತಹ ಅಂಕದಲ್ಲಿದೆಯೆಂದು ಅದರಲ್ಲಿ ಬರೆದು, ಬಂದವರನ್ನು ಅಲ್ಲಿಗೆ ಕಳುಹಿಸತಕ್ಕದ್ದು. ಪ್ರಕ್ಷಿಪ್ತವೆಂದು ತಿಳಿದ ವಚನಕ್ಕೂ ಹೀಗೆಯೇ. ಅದನ್ನು ತೆಗೆಯದೆ, ಪ್ರಕ್ಷಿಪ್ತವೆಂಬ ನಿರ್ಣಯವನ್ನೂ ನಿರ್ಣಯಿಸಿದವರ ಹೆಸರನ್ನೂ ಕಾಲವನ್ನೂ ಬರೆದಿಡತಕ್ಕದ್ದು. ಇಂದಿನ ನಿರ್ಣಯವನ್ನು ನಾಳಿನ ವಿದ್ವಾಂಸರು ಮತ್ತೆ ವಿಚಾರಿಸಬಹುದು. ಅಳಿಸಿದುದನ್ನು ಯಾರೂ ವಿಚಾರಿಸಲಾರರು. ವಿಶ್ವಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರು ಜಾಲದ ಉತ್ತಮ ವಿಳಾಸವು ಬದಲಾಗಬಾರದೆಂದು 1998ರಲ್ಲಿಯೇ ಪ್ರತಿಪಾದಿಸಿದರು. ವಚನದ ಪುಟದ ವಿಳಾಸದಲ್ಲಿ ಅರ್ಥವಿಲ್ಲದ ಆ ಸ್ಥಿರಾಂಕವೇ ಇದ್ದರೆ ಈ ವ್ರತವು ಸುಲಭವಾಗಿ ನಡೆಯುವುದು.

ಉಪಸಂಹಾರ

ಒಟ್ಟಿನಲ್ಲಿ, ಒಂದನ್ನು ಒಂದಾಗಿಯೇ, ಎರಡನ್ನು ಎರಡಾಗಿಯೇ ಕಾಣುವುದು ಕೋಷ್ಟಕರಚನೆಯ ಸಾರವು. ಕೊಟ್ಟ ಗುರುತಿಗೆ ತಪ್ಪದೆ ನಡೆಯುವುದು ಅಂಕವಿಧಿಯ ಸಾರವು. ಮೊದಲನೆಯದಕ್ಕೆ ಶಾಸ್ತ್ರಜ್ಞಾನವು ಬೇಕು, ಎರಡನೆಯದಕ್ಕೆ ನಿಯಮನಿಷ್ಠೆಯು ಬೇಕು. ಯಂತ್ರವು ಹೇಳಿದುದನ್ನು ಮಾಡುವುದು. ಹೇಳತಕ್ಕದ್ದೇನೆಂಬುದು ಮನುಷ್ಯನಿಗೆ ಸೇರಿದುದು. ಕಾರ್ಯವನ್ನು ಕೈಗೊಳ್ಳುವ ತರುಣರು ಮೊದಲು ಕಾಗದದ ಮೇಲೆ ಗೆರೆಯೆಳೆದು ಕೋಷ್ಟಕಗಳನ್ನು ಬರೆದು, ಗ್ರಂಥವನ್ನು ಬಲ್ಲ ಹಿರಿಯರ ಮುಂದಿಟ್ಟು, ಇಬ್ಬರು ಕಾಳವ್ವೆಯರಿಗೂ, ಹೆಸರರಿಯದ ಶರಣರಿಗೂ, ವಚನವಿಲ್ಲದ ಶರಣರಿಗೂ ಅದರಲ್ಲಿ ಸ್ಥಳವಿದೆಯೆ ಎಂದು ಕೇಳಿ ನೋಡಲಿ. ಇದೆಯೆಂಬ ಉತ್ತರವು ಬಂದ ದಿನವೇ ಯಂತ್ರದ ಮುಂದೆ ಕುಳಿತುಕೊಳ್ಳಲು ಶುಭದಿನವು.